ತಗ್ಗಿನಲ್ಲಿ ನಿಂತ ತೆಕ್ಲೆ

ಕೌನಸ್ ನಗರದಲ್ಲಿ ನಮ್ಮ ಐದು ಮಹಡಿಯ ಕಟ್ಟಡಕ್ಕೂ ನೇಮುನಾಸ್ ನದಿಗೂ ನಡುವೆ ಒಂದು ತಗ್ಗಿದೆ. ಮೂವತ್ತು ವರ್ಷಗಳ ಹಿಂದೆ ಅದನ್ನು ರೂಪಿಸಿದವರು ಕೆಳಮನೆಯ ಇಂಜಿನಿಯರ್ ತೆಕ್ಲೆ. ಕರಗಿದ ಹಿಮ, ಬೀದಿಯ ನೀರು, ಉಕ್ಕಿದ ನದಿ, ಎಲ್ಲವೂ ಅಲ್ಲಿ ಬಂದು ನಿಂತು ಇಂಗಬೇಕು. ನಮ್ಮ ನೆಲಮಾಳಿಗೆಗೆ ನುಗ್ಗಬಾರದು. ಅಲ್ಲಿ ಏನು ಬೆಳೆಯಬೇಕೆಂದು ಮಾತ್ರ ಅವರು ಬರೆದಿಡಲಿಲ್ಲ. ನೀರು ಒಂದು ವರ್ಷ ಜೊಂಡು ತಂದರೆ ಇನ್ನೊಂದು ವರ್ಷ ವಿಲೋ ಸಸಿ ತರುತ್ತದೆ. ನಿವೃತ್ತಿಯಾದ ಮೇಲೂ ಪ್ರತಿ ಮೇ ತಿಂಗಳು ರಬ್ಬರ್ ಬೂಟು ಹಾಕಿಕೊಂಡು ಇಳಿದು ಹೊಸ ನಕ್ಷೆ ಬರೆಯುತ್ತಾರೆ. ಗಂಡ ತೀರಿಕೊಂಡಿದ್ದಾರೆ. ಅಡುಗೆಮನೆಯ ಎರಡನೆಯ ಕುರ್ಚಿಯ ತುಂಬ ನಕ್ಷೆಗಳು. ಯಾರಾದರೂ ಬಂದರೆ ಎತ್ತಿಡಬೇಕು.

ಬರುವವಳು ನಾನೊಬ್ಬಳೇ, ಅದೂ ಹೆದರಿಕೆ ಹೇಳಿಕೊಳ್ಳಲು. ನನ್ನ ಮಗಳು ಊಲಾಗೆ ಎರಡು ವರ್ಷ, ತಗ್ಗಿನ ಹುಲ್ಲಿನಲ್ಲಿ ಉಣುಗುಗಳಿವೆ, ಕಚ್ಚಿದರೆ ಮಿದುಳು ಜ್ವರ.

ಏಪ್ರಿಲ್‌ನಲ್ಲಿ ಕಟ್ಟಡದ ಮುಖ್ಯಸ್ಥ ರಿಮಾಂಟಾಸ್ ಬಾಗಿಲಿಗೆ ಚೀಟಿ ಅಂಟಿಸಿದರು: ಶನಿವಾರ ತಾಲ್ಕಾ, ಎಲ್ಲರೂ ಸೇರಿ ತಗ್ಗನ್ನು ಶುಚಿ ಮಾಡೋಣ. ವಸಂತದ ತಾಲ್ಕಾಕ್ಕೆ ಕೈಜೋಡಿಸದವರನ್ನು ಇಲ್ಲಿ ವರ್ಷವಿಡೀ ಓರೆಗಣ್ಣಿನಿಂದ ನೋಡುತ್ತಾರೆ.

“ಒಣಗಿದ್ದು ಅಂತ ಬೇರು ಸಮೇತ ಎಳೀತಾರೆ. ಆಮೇಲೆ ನೀರು ಎಲ್ಲಿ ಇಂಗುತ್ತೆ?” ಎಂದರು ತೆಕ್ಲೆ. “ನಾನು ಅಡ್ಡ ನಿಲ್ತೀನಿ. ನೀನೂ ಬರ್ತೀಯೇನೆ? ಮಗು ಇರೋಳು ಹೇಳಿದ್ರೆ ಕೇಳ್ತಾರೆ.”

“ಬರ್ತೀನಿ ಆಂಟಿ,” ಎಂದೆ.

ಶನಿವಾರ ಬೆಳಿಗ್ಗೆ ಊಲಾ ಎರಡು ಸಲ ಸೀನಿದಳು. ನಾಲ್ಕು ಸಲ ಥರ್ಮಾಮೀಟರ್ ಇಟ್ಟೆ, ಜ್ವರವಿರಲಿಲ್ಲ. ಆದರೂ ಇಳಿಯಲಿಲ್ಲ. ನಾಲ್ಕನೆಯ ಮಹಡಿಯ ನಮ್ಮ ಕಿಟಕಿ ತೆರೆದು ನಿಂತೆ. ಕೆಳಗೆ ತಗ್ಗಿನಲ್ಲಿ ತೆಕ್ಲೆ ಒಬ್ಬರೇ ಜೊಂಡಿಗೆ ಅಡ್ಡ ನಿಂತಿದ್ದರು.

“ಇಂಜಿನಿಯರಮ್ಮಾ, ಈ ಕಸಾನೂ ನಿಮ್ಮದೇ ಡಿಸೈನಾ?” ಎಂದರು ರಿಮಾಂಟಾಸ್. ಎಲ್ಲರೂ ನಕ್ಕರು.

“ಹೂಂ. ನಿನ್ನ ನೆಲಮಾಳಿಗೆ ಒಣಗಿರೋದೂ ನನ್ನ ಡಿಸೈನೇ ಕಣಯ್ಯ.”

“ಆಯ್ತಾಯ್ತು, ಮೊದಲು ಸೂಪು ಕುಡೀರಿ. ಜಗಳಕ್ಕೂ ಶಕ್ತಿ ಬೇಕಲ್ಲ.”

ಯಾರೋ ಬಾರ್ಲಿ ಸೂಪಿನ ಬಟ್ಟಲು ತೆಕ್ಲೆಯ ಕೈಗಿತ್ತರು, ಇನ್ಯಾರೋ ಹೆಗಲಿಗೆ ಜಾಕೆಟ್ ಹೊದಿಸಿದರು. ಯಾರೂ ತಳ್ಳಲಿಲ್ಲ, ದನಿ ಏರಿಸಲಿಲ್ಲ. ಕುಳಿತವರ ಸುತ್ತ ಗುಡಿಸುವಂತೆ ಅವರ ಸುತ್ತಲೂ ಜೊಂಡು ಕಿತ್ತು ಎಳೆದರು. ತೆಕ್ಲೆ ಆಗಾಗ ಕಟ್ಟಡದ ಬಾಗಿಲಿನತ್ತ ತಿರುಗುತ್ತಿದ್ದರು. ನಾನು ಪರದೆಯ ಹಿಂದೆ ಸರಿದೆ.

ನಾಲ್ಕು ಗಂಟೆಗೆ ತಗ್ಗು ಬೋಳಾಗಿತ್ತು. ಅವರು ನಿಂತಿದ್ದಲ್ಲಿ ಮಾತ್ರ ಒಂದು ಮೇಜಿನಷ್ಟಗಲ ಜೊಂಡು ಉಳಿದಿತ್ತು. ಮಗುವನ್ನು ಎತ್ತಿಕೊಂಡು ಇಳಿದೆ.

“ಮಗೂಗೆ ಹುಷಾರಿರಲಿಲ್ವಾ?”

“ಚೆನ್ನಾಗೇ ಇದ್ದಳು ಆಂಟಿ.”

ತೆಕ್ಲೆ ತಲೆಯಾಡಿಸಿದರು. “ಆ ಬದೀಲಿ ನೀನು ನಿಲ್ತೀಯ ಅಂತ ಒಂದು ಕೈ ಚಾಚ್ಕೊಂಡು ಅಷ್ಟೂ ಜಾಗ ತಡೆದಿದ್ದೆ. ಮಧ್ಯಾಹ್ನದವರೆಗೂ. ಆಮೇಲೆ ಕೈ ಸೋತು ಹೋಯ್ತು.”

ಅವರು ಸೂಪಿನ ಬಟ್ಟಲು ಹಿಂತಿರುಗಿಸಲು ರಿಮಾಂಟಾಸ್ ಅವರನ್ನು ಹುಡುಕಿಕೊಂಡು ಹೋದರು.