ಚರ್ಮದಕ್ಕ ಕೈ ತೆಗೆಯಲಿಲ್ಲ

ಸುಟ್ಟ ಗಾಯದವರಿಗೆ ಚರ್ಮ ಬೆಳೆಸಿಕೊಡುವುದೇ ಅವಳ ಕೆಲಸ. ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುವುದು ಚರ್ಮದಕ್ಕ ಅಂತ. ನಾನು ಅದೇ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವವಳು. ಅವಳ ಬಾಯಿ ಜೋರು, ನನ್ನದು ಇನ್ನೂ ಜೋರು, ಅದಕ್ಕೇ ಹೊಂದಿಕೊಂಡಿದ್ದೆವು.

ಅವಳ ತಂಗಿಯ ಮೇಲೆ ಗಂಡನೆನಿಸಿಕೊಂಡ ಪಾಪಿ ಕುದಿಯುವ ಎಣ್ಣೆ ಸುರಿದ. ಬಾಗಿಲು ತೆರೆಯುವುದು ತಡವಾಯಿತಂತೆ, ಅಷ್ಟಕ್ಕೆ! ಅವನ ಕೈ ಸೇದಿಹೋಗ.

ತಂಗಿಯ ತೊಡೆಯಿಂದ ಚೂರು ಚರ್ಮ ತೆಗೆಸಿ, ಅಕ್ಕ ಅದರ ಜೀವಕೋಶಗಳನ್ನು ತಟ್ಟೆಗಳಲ್ಲಿ ಬೆಳೆಸಿದಳು. ಕೋಶದ ಮೈಮೇಲೆ ಇಂಟೆಗ್ರಿನ್ ಎಂಬ ಪ್ರೊಟೀನುಗಳಿರುತ್ತವೆ. ಸುತ್ತಲಿನ ನಾರಿನ ಜಾಲವನ್ನು ಕೋಶ ಹಿಡಿದುಕೊಳ್ಳುವುದು ಅವುಗಳಿಂದಲೇ. ಅಕ್ಕ ಅವನ್ನು ಕೈಗಳು ಅನ್ನುತ್ತಾಳೆ. ಕೋಶಗಳನ್ನು ತಟ್ಟೆಯಿಂದ ಬಿಡಿಸಲು ಒಂದು ಕಿಣ್ವ ಸುರಿಯಬೇಕು. ಕೋಶಗಳು ಬಿಟ್ಟುಬಂದ ತಕ್ಷಣ ಸೀರಮ್ ಹಾಕಿ ಕಿಣ್ವವನ್ನು ತಡೆಯಬೇಕು. ತಡವಾದರೆ ಕಿಣ್ವ ಕೈಗಳನ್ನೇ ಕತ್ತರಿಸಿಹಾಕುತ್ತದೆ.

ಮೊದಲ ಸಲ ಆದದ್ದು ಅದೇ. ಒಂದು ಕೋಶವೂ ತಟ್ಟೆಯಲ್ಲಿ ಉಳಿಯಬಾರದೆಂಬ ಆಸೆಗೆ ಅಕ್ಕ ಕಿಣ್ವವನ್ನು ಹೆಚ್ಚು ಹೊತ್ತು ಬಿಟ್ಟಳು. ಗಾಯಕ್ಕೆ ಸಿಂಪಡಿಸಿದರೆ ಒಂದೂ ಅಂಟಲಿಲ್ಲ, ಎಲ್ಲ ಬ್ಯಾಂಡೇಜಿನ ಜೊತೆ ಕಿತ್ತುಬಂತು. ಉಳಿದದ್ದು ಒಂದೇ ತಟ್ಟೆ. ಇದೂ ಹಿಡಿಯದಿದ್ದರೆ ತಂಗಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಆ ಕೊನೆಯ ತಟ್ಟೆಗೆ ಅಕ್ಕ ಕಿಣ್ವ ಸುರಿದು ಕೂತಿದ್ದಾಗಲೇ, ಅವಳು ಕೊಟ್ಟ ದೂರಿನಿಂದ ಜೈಲಿಗೆ ಹೋಗಿ ಜಾಮೀನಿನ ಮೇಲೆ ಹೊರಗಿದ್ದ ತಂಗಿಯ ಗಂಡ ಗಾಜಿನ ಬಾಗಿಲು ಒಡೆದು ನುಗ್ಗಿದ.

"ಕಂಪ್ಲೇಂಟ್ ವಾಪಸ್ ತಗೋತೀಯೋ ಇಲ್ವೋ?"

"ಸ್ವಲ್ಪ ಇರು" ಎಂದಳು ಅಕ್ಕ, ತಟ್ಟೆಯಿಂದ ಕಣ್ಣು ತೆಗೆಯದೆ.

"ಅತ್ತಿಗೆ ಅಂತ ಮರ್ಯಾದೆ ಕೊಟ್ರೆ ತಲೆ ಮೇಲೇ ಕೂತ್ಕೋತೀಯಾ?" ಜುಟ್ಟು ಹಿಡಿದು ಅವಳ ಮುಖವನ್ನು ಮೇಜಿನ ಮುಂದಿನ ಗಾಜಿಗೆ ಚಚ್ಚಿದ. ನಾನು ಹಿಂದಿನಿಂದ ಅವನ ಕುತ್ತಿಗೆಗೆ ಜೋತುಬಿದ್ದೆ. ಕೊಡವಿ ಬಿಸಾಕಿದ, ಸಿಂಕಿಗೆ ಬಡಿದು ನನ್ನ ಪಕ್ಕೆಲುಬು ಲಟಕ್ಕೆಂದಿತು.

"ಓಡೇ ಅಕ್ಕಾ!" ಎಂದು ಕಿರುಚಿದೆ.

ಅವಳು ಓಡಲಿಲ್ಲ. ಎಡಗೈ ಬೆರಳನ್ನು ಅವನು ತಿರುಚಿ ಮುರಿದ. ಅಯ್ಯೋ ಎಂದು ಚೀರಿದಳು, ಆದರೆ ಬಲಗೈ ತಟ್ಟೆಯ ಮೇಲೇ ಇತ್ತು. ಮೂಗಿನ ರಕ್ತ ತಟ್ಟೆಗೆ ಬೀಳದಂತೆ ಮುಖ ಓರೆ ಮಾಡಿಕೊಂಡು ಸೀರಮ್ ಹಾಕಿದಳು, ಮುಚ್ಚಳ ಮುಚ್ಚಿದಳು. ಆಮೇಲೆ ಎದ್ದು, ಕೂತಿದ್ದ ಸ್ಟೀಲ್ ಸ್ಟೂಲನ್ನೇ ಎತ್ತಿ ಅವನ ಮುಖಕ್ಕೆ ಬೀಸಿದಳು. ಅವನು ಬಿದ್ದ. ಅಕ್ಕ ನಿಲ್ಲಿಸಲಿಲ್ಲ. ಸುಳ್ಳು ಯಾಕೆ, ನಾನೂ ಎರಡು ಒದ್ದೆ. ಕಾವಲಿನವರು ಬಂದು ನಮ್ಮಿಬ್ಬರನ್ನು ಎಳೆಯಬೇಕಾಯಿತು.

ಅವನನ್ನು ಪೊಲೀಸರು ಒಯ್ದರು. ಕೋಶಗಳನ್ನು ಅವತ್ತೇ ಗಾಯಕ್ಕೆ ಸಿಂಪಡಿಸಿದರು. ಬ್ಯಾಂಡೇಜು ಬಿಚ್ಚುವ ದಿನ ಅಕ್ಕ ಹಾಸಿಗೆಯ ಪಕ್ಕದಲ್ಲೇ ನಿಂತಿದ್ದಳು. ತೆಳ್ಳಗೆ, ಗುಲಾಬಿ ಬಣ್ಣಕ್ಕೆ, ಚರ್ಮ ಹಿಡಿದಿತ್ತು. ನಾನಂತೂ ಗೊಳೋ ಎಂದು ಅತ್ತೆ.

ತಂಗಿ ಕಣ್ಣು ಬಿಟ್ಟು ಅಕ್ಕನ ಮುರಿದ ಬೆರಳನ್ನೇ ನೋಡಿದಳು. "ಅವ್ರಿಗೆ ಪೆಟ್ಟಾಯ್ತಂತೆ?"

ಆ 'ಅವ್ರಿಗೆ' ಕೇಳಿ ನನಗೆ ಮೈಯೆಲ್ಲ ಉರಿಯಿತು. ಅಕ್ಕನ ಮುಖ ಸಪ್ಪಗಾಯಿತು. ಇಷ್ಟೆಲ್ಲ ಆಗಿಯೂ ಅವನ ಹತ್ತಿರವೇ ಹೋಗುತ್ತಾಳೇನೋ ಎಂಬ ಭಯ ಅವಳಿಗೆ.

"ಎರಡು ಹಲ್ಲು ಉದುರಿಸಿದೀನಿ" ಎಂದಳು.

ತಂಗಿ ಕೇಳಿದಳು:

"ಎರಡೇನಾ, ಅಕ್ಕ?"