ಸ್ಪೇಸ್ ಬಾರ್ ಒತ್ತಿದರೆ ಮುಂದಿನ ಪುಟ

ಭಾನುವಾರ ಸಂಜೆ ನಾಟಕ. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಕಪ್ಪು ಪರದೆ! ಐಕಾನ್ ಇಲ್ಲ, ಮೌಸಿನ ಬಾಣವಿಲ್ಲ. ಸೊಸೈಟಿ ಗೇಟಿನ ಗಾರ್ಡ್ ಭಯ್ಯಾನ ಹಾಗೆ ಹೆಸರು ಹೇಳು ಎಂದು ಬಿಳಿ ಅಕ್ಷರದಲ್ಲಿ ಕೇಳುತ್ತಾ ಕೂತಿತ್ತು.

ದಿಲ್ಲಿಯ ಮಯೂರ್ ವಿಹಾರದ ನಮ್ಮ ಸೊಸೈಟಿಯ ಕನ್ನಡ ಮಕ್ಕಳಿಗೆ ನಾನೇ ನಾಟಕ ಬರೆದು, ನಾನೇ ಆಡಿಸುತ್ತಿದ್ದೆ. (ಪ್ರತಿಭೆ ಅಂದುಕೊಳ್ಳಬೇಡಿ, ಬೇರೆ ಯಾರೂ ಒಪ್ಪಲಿಲ್ಲ.) ಕೊನೆಯ ದೃಶ್ಯದಲ್ಲಿ ಬರಬೇಕಾದ ರಾಜನಿಗೆ ಶನಿವಾರ ವೈರಲ್ ಜ್ವರ! ರಾಜನಿಲ್ಲದ ಹಾಗೆ ಆ ದೃಶ್ಯವನ್ನು ಬದಲಿಸಿ ಬರೆದಿದ್ದೆ. ಯಾರಿಗೂ ಕಳಿಸಿರಲಿಲ್ಲ. ಇದ್ದದ್ದು ಈ ಲ್ಯಾಪ್‌ಟಾಪಿನಲ್ಲಿ ಮಾತ್ರ.

ಗುರುಗ್ರಾಮದಲ್ಲಿ ಕೆಲಸ ಮಾಡುವ ತಂಗಿಯ ಮಗಳು ರಮ್ಯಾಗೆ ಫೋನ್ ಮಾಡಿದೆ. ನನ್ನ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟವಳು ಅವಳೇ.

"ದೊಡ್ಡಮ್ಮ, ಅಪ್‌ಡೇಟ್ ಎಡವಟ್ಟಾಗಿದೆ ಅಷ್ಟೇ. ಫೈಲ್ ಎಲ್ಲೂ ಹೋಗಿರಲ್ಲ. ಲಾಗಿನ್ ಆಗಿ, ಕ್ಯಾಟ್ ಅನ್ನೋ ಕಮಾಂಡ್ ಟೈಪ್ ಮಾಡಿ, ಸ್ಪೇಸ್ ಬಿಟ್ಟು ಫೈಲ್ ಹೆಸರು ಹಾಕಿ."

ಹಾಕಿದೆ. ಇಡೀ ನಾಟಕ ಸರ್ರನೆ ಮೇಲಕ್ಕೆ ಓಡಿತು! ಉಳಿದದ್ದು ಕೊನೆಯ ಒಂದಿಷ್ಟು ಸಾಲು.

"ಓಡಿಹೋಯ್ತಲ್ಲೇ!"

"ಕ್ಯಾಟ್ ಹಾಗೇ, ಒಂದೇ ಸಲ ಸುರಿದುಬಿಡುತ್ತೆ. ಅದರ ಬದಲು ಲೆಸ್ ಅಂತ ಹಾಕಿ. ಸ್ಪೇಸ್ ಬಾರ್ ಒತ್ತಿದ್ರೆ ಮುಂದಿನ ಪುಟ."

ಆಹಾ! ಒಂದೊಂದೇ ಪುಟ, ಮರ್ಯಾದೆಯಿಂದ ಬಂತು. ಕುಣಿದಾಡುವಷ್ಟು ಖುಷಿಯಾಯಿತು. ಓದಲು ಅಕ್ಷರ ಬಿಟ್ಟು ಇನ್ನೇನು ಬೇಕು?

"ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದು ನಿಮ್ಮ ಪುಣ್ಯ" ಎಂದಳು ರಮ್ಯಾ. "ಕನ್ನಡ ಲಿಪಿ ಆಗಿದ್ರೆ ಆ ಸ್ಕ್ರೀನಲ್ಲಿ ಬರೀ ಚೌಕ ಡಬ್ಬಿ ಕಾಣ್ತಿದ್ವು."

ದಿಲ್ಲಿಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಹಾಗಾಗಿ ಕನ್ನಡ ಮಾತುಗಳನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡುವುದು ನಮ್ಮಲ್ಲಿ ರೂಢಿ. ಅದಕ್ಕೆ ನಮ್ಮ ಯಜಮಾನರು ಮೂಗು ಮುರಿಯುತ್ತಲೇ ಇದ್ದರು. ಈಗ ನೋಡಿ!

ಮಕ್ಕಳನ್ನೆಲ್ಲ ಮನೆಗೇ ಕರೆಸಿದೆ. ಲ್ಯಾಪ್‌ಟಾಪಿನ ಸುತ್ತ ಮುತ್ತಿಕೊಂಡು ಹೊಸ ಮಾತು ಬಾಯಿಪಾಠ ಮಾಡಿದರು.

"ಆಂಟಿ, ರುಕೋ ನಾ! ನಂದು ಇನ್ನೂ ಫಿನಿಶ್ ಆಗಿಲ್ಲ" ಎಂದು ಮಂತ್ರಿ ಪಾತ್ರದ ಪುಟ್ಟ ಸಾನ್ವಿ ಸ್ಪೇಸ್ ಬಾರ್ ಒತ್ತಲು ಹೋದ ನನ್ನ ಕೈ ಹಿಡಿದಳು.

ಸಂಜೆ ಅದೇ ಲ್ಯಾಪ್‌ಟಾಪನ್ನು ಸೈಡ್ ವಿಂಗಿನಲ್ಲಿಟ್ಟೆ. ಮಾತು ಮರೆತವರಿಗೆ ನೆನಪಿಸುವ ಕೆಲಸ ಯಜಮಾನರದು. ಅವರೋ ನಾಟಕ ನೋಡುತ್ತಾ ಮೈಮರೆತರು! ಕೊನೆಯ ದೃಶ್ಯದಲ್ಲಿ ಸಾನ್ವಿ ತಡವರಿಸಿದಾಗ ಗಾಬರಿಯಿಂದ ಸ್ಪೇಸ್ ಬಾರ್ ಒತ್ತಿಯೇ ಒತ್ತಿದರು. ಪುಟಗಳೆಲ್ಲ ಹಾರಿ ಫೈಲಿನ ಕೊನೆ ಬಂದುಬಿಟ್ಟಿತು.

ಅವಳು ಹೇಳಬೇಕಿದ್ದದ್ದು, 'ಮಹಾರಾಜರು ಬೇಟೆಗೆ ತೆರಳಿದ್ದಾರೆ.' ಸಭೆ ಕಾಯುತ್ತಿದೆ. ಸಾನ್ವಿ ಒಮ್ಮೆ ವಿಂಗಿನತ್ತ ನೋಡಿದಳು, ಸೊಂಟದ ಮೇಲೆ ಕೈಯಿಟ್ಟಳು.

"ಮಹಾರಾಜರು ಬರಲ್ಲ. ಉನ್ಹೇಂ ಬುಖಾರ್ ಹೈ!"

ಮಹಾರಾಜರಿಗೆ ಜ್ವರವಂತೆ! ಹಾಲ್ ಬಿದ್ದು ಬಿದ್ದು ನಕ್ಕಿತು. ಚಪ್ಪಾಳೆ ನಿಲ್ಲಲೇ ಇಲ್ಲ.

ಅಲ್ಲ, ಬೆಳಿಗ್ಗೆಯೆಲ್ಲ ನಾನು ಒದ್ದಾಡಿ ತೆರೆದ ಫೈಲಿನಲ್ಲಿ ಅಷ್ಟು ಚೆಂದದ ಸಾಲು ಒಂದಾದರೂ ಇತ್ತೇ?