ದೊಡ್ಡವ್ವನ ಮೊದಲ ಸವಾರಿ

ನೆನೆಹಾಕಿದ ಕಡಲೆಯ ವಾಸನೆ ಬಂದರೆ ಸಾಕು, ಶಹಾಪುರದ ನಮ್ಮ ಹಳೆಯ ಮನೆಯ ಅಂಗಳದಲ್ಲಿ ಕುದುರೆ ಕಾಲು ಕೆದರಿದ ಸಪ್ಪಳ ಕೇಳುತ್ತದೆ. ದೊಡ್ಡಪ್ಪ ಟಾಂಗಾ ಹೊಡೆಯುತ್ತಿದ್ದ. ಹಾಗಾಗಿ ಸವಾರಿ ಎಂಬ ಮಾತು ನಮ್ಮ ಮನೆಯಲ್ಲಿ ಎಷ್ಟೋ ಕೆಲಸ ಮಾಡುತ್ತಿತ್ತು. ಟಾಂಗಾ ಹತ್ತುವ ಮಂದಿಯೂ ಸವಾರಿ, ದೊಡ್ಡಪ್ಪನ ಹೆಗಲೇರಿದ ನಾನೂ ಸವಾರಿ. ತಡವಾಗಿ ಎದ್ದವರಿಗೆ "ಎದ್ದಿತೇನು ಸವಾರಿ?" ಎಂಬ ಕುಟುಕು. ಅಜ್ಜಿಗೆ ನಾವು ಆಯಿ ಅನ್ನುತ್ತಿದ್ದೆವು. ಆಕೆಯ ಬೈಗುಳ ಜೋರಾದಾಗ ಅವ್ವ ಒಲೆಯ ಮುಂದೆ ಗೊಣಗುತ್ತಿದ್ದಳು: "ಎಲ್ಲಾರ ತಲಿಮ್ಯಾಲ ಸವಾರಿ ಮಾಡ್ತಾಳ."

ಕಾಲುವೆಯ ಕೆಲಸ ನಡೆದಿದ್ದ ಕಾಲ. ಎಲ್ಲೆಲ್ಲಿಂದಲೋ ಮಂದಿ ಬಂದಿಳಿಯುತ್ತಿದ್ದರು, ಟಾಂಗಾಕ್ಕೆ ಬಿಡುವೇ ಇರಲಿಲ್ಲ. ಅಂಥ ದಿನಗಳಲ್ಲೇ ದೊಡ್ಡಪ್ಪ ಮಾಳಿಗೆಯಿಂದ ಬಿದ್ದು ಕಾಲು ಮುರಿದುಕೊಂಡು ಹಾಸಿಗೆ ಹಿಡಿದ. ಒಂದು ಬೆಳಿಗ್ಗೆ ದೊಡ್ಡವ್ವ ಗಂಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾನೇ ಕುದುರೆ ಹೂಡಿದಳು. "ಮನಿ ಮಾನ ಬಾಜಾರದಾಗ ಇಡ್ತೀಯೇನ?" ಎಂದು ಆಯಿ ಬಾಗಿಲಿಗೆ ಅಡ್ಡ ನಿಂತಳು. "ಕುದ್ರಿ ಉಪಾಸ ಇಡೂದು ಆಗಂಗಿಲ್ರಿ ಅತ್ತಿ," ಎಂದಷ್ಟೇ ಹೇಳಿ ದೊಡ್ಡವ್ವ ಪಕ್ಕದಿಂದ ಹಾದುಹೋದಳು. ಅಂದಿನಿಂದ ಆಯಿ ಸೊಸೆಯೊಡನೆ ಮಾತು ಬಿಟ್ಟಳು.

ಆದರೆ ಟಾಂಗಾ ಯಾರೂ ಹತ್ತಲಿಲ್ಲ. ಬಸ್‌ ಸ್ಟ್ಯಾಂಡಿನ ಮುಂದೆ ಉಳಿದ ಟಾಂಗಾದವರು, "ಹೆಣ್ಣಮಗಳು ಹೊಡ್ಯಾಕತ್ಯಾಳ, ನಡುದಾರ್ಯಾಗ ಕೆಡವತಾಳ ನೋಡ್ರಿ," ಎಂದು ಕೂಗಿ ಕೂಗಿ ನಗುತ್ತಿದ್ದರು. ದೊಡ್ಡವ್ವ ಕುದುರೆಯ ಕುತ್ತಿಗೆ ಸವರುತ್ತ ನಿಲ್ಲುತ್ತಿದ್ದಳು. ಅದನ್ನು ಕಂಡ ನಾನು ಮನೆಗೆ ಓಡಿ ಬಂದು ಅಳುತ್ತ ಆಯಿಗೆ ಹೇಳಿಬಿಟ್ಟೆ.

ಜೋಳ ಹಸನು ಮಾಡುತ್ತಿದ್ದ ಆಯಿಯ ಕೈ ನಿಂತಿತು. "ಯಾರು ನಕ್ಕವ್ರು? ನನ್ನ ಸೊಸಿಗೆ ನಾ ಬೈತೀನಿ. ಊರ ಮಂದೀದೇನೈತಿ ಅದರಾಗ?" ಎಂದವಳೇ ಟ್ರಂಕು ತೆಗೆದು ಇಳಕಲ್ ಸೀರೆ ಉಟ್ಟಳು. ನನ್ನ ಕೈ ಹಿಡಿದು ಬಿಸಿಲಲ್ಲಿ ಬಿರಬಿರನೆ ನಡೆದಳು. ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಕೇಳುವಂತೆ, "ಏ ಗಂಗವ್ವ, ಸವಾರಿ ಬಂದೈತಿ, ಹತ್ತಿಸ್ಕೊ!" ಎಂದಳು.

ದೊಡ್ಡವ್ವ ಕೈ ಕೊಟ್ಟು ಹತ್ತಿಸಿ, "ಎಲ್ಲಿಗ್ರಿ ಅತ್ತಿ?" ಎಂದಳು. "ಕಾಲಿವಿ ತನಕ ಹೊಡಿ. ನಡುಬಾಜಾರದಾಗಿಂದನ ಹೊಡಿ, ಎಲ್ಲಾರೂ ನೋಡ್ಲಿ."

ಅಂಗಡಿಯವರು ಹೊರಬಂದು ನಿಂತರು. ಮುಂದಿನ ಸೀಟಿನಲ್ಲಿ ಸೊಸೆಯ ಪಕ್ಕದಲ್ಲಿ ಆಯಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು, ಹಿಂದೆ ನಾನು. ಕಾಲುವೆಗೆ ಆಗಷ್ಟೇ ನೀರು ಬಿಟ್ಟಿದ್ದರು. ಕೆಂಪು ನೀರು ಬಿಸಿಲಿಗೆ ಹೊಳೆಯುತ್ತ ಸಾಗಿತ್ತು. ದಂಡೆಯಲ್ಲಿ ಕೂಲಿ ಮುಗಿಸಿ ಬರುತ್ತಿದ್ದ ಹೆಂಗಸರಿಗೆ ಆಯಿಯೇ ಕೈ ಬೀಸಿದಳು: "ಬರ್ರೆವ್ವ, ಹತ್ರಿ! ನಮ್ಮ ಸೊಸಿ ಟಾಂಗಾ ಐತಿ." ಅವರು ನಕ್ಕು ನುಗ್ಗಿ ಹತ್ತಿದರು. ತುಂಬಿದ ಟಾಂಗಾ ಸ್ಟ್ಯಾಂಡಿಗೆ ಮರಳಿದಾಗ, ನಕ್ಕವರ ನಡುವೆಯೇ ದೊಡ್ಡವ್ವ ಮೊದಲ ಸಲ ಗಂಟಲು ತೆಗೆದು ಕೂಗಿದಳು: "ಬಾಜೂಕ ಸರೀರಿ!" ಅವರು ಸರಿದರು.

ಆಟೋಗಳು ಬಂದು ಟಾಂಗಾಗಳು ಮುಗಿಯುವ ತನಕ ಆಕೆ ಅದೇ ಜಾಗದಲ್ಲಿ ನಿಂತಳು. ಈಗ ಆಯಿ ಇಲ್ಲ, ದೊಡ್ಡವ್ವನೂ ಇಲ್ಲ, ಆ ಅಂಗಳದಲ್ಲಿ ಯಾರದೋ ಅಂಗಡಿ ಎದ್ದಿದೆ. ಊರಿಗೆ ಹೋದಾಗ ಮುಪ್ಪಾದವರು ಯಾರಾದರೂ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿ, "ಟಾಂಗಾ ಗಂಗವ್ವನ ಮಗಳಲ್ಲೇನವ್ವ ನೀ?" ಎಂದು ಕೇಳುತ್ತಾರೆ. ನಾನು ಆಕೆಯ ಮೈದುನನ ಮಗಳು. ಆದರೂ ತಿದ್ದಲು ಹೋಗುವುದಿಲ್ಲ.

"ಹೌದ್ರಿ," ಅನ್ನುತ್ತೇನೆ.